ಹಳೆ ಸ್ಟೀಮರನ್ನು ತೇಲುವ ಹೋಟೆಲ್ ಮಾಡಲು ಬಾಯ್ಲರ್ ಕೀಳಬಹುದೇ?

ವಾಸ್ಕೋವಾಸಿ:
ರಿವೆಟ್ ಹೊಡೆದ ಹಳೆ ಪ್ಯಾಸೆಂಜರ್ ಸ್ಟೀಮರೊಂದನ್ನು ಗೋವಾದ ಮಾಂಡೋವಿ ನದಿಯಲ್ಲಿ ಕಟ್ಟಿ ನಿಲ್ಲಿಸಿ ಹೋಟೆಲ್ ಮಾಡುವ ಯೋಜನೆ ಇದೆ. ಬಾಯ್ಲರ್ ಜಾಗದಲ್ಲಿ ಅಡುಗೆಮನೆ, ಡೆಕ್ ಮೇಲೆ ಇನ್ನೊಂದು ಮಾಳಿಗೆ. ಭಾರ ಇಳಿದರೆ ಒಳ್ಳೆಯದೇ ಅಲ್ಲವೇ? ಸವೆದ ತಗಡಿನ ಮೇಲೆ ಹೊಸ ತಗಡು ವೆಲ್ಡ್ ಮಾಡಿದರೆ ಸಾಕೇ?

ದಾರುಖಾನಾ:
ಬಾಯ್ಲರ್ ಅಂದರೆ ತಳದ ಭಾರ. ಅದನ್ನು ಕಿತ್ತು ಮೇಲೆ ಮಾಳಿಗೆ ಏರಿಸಿದರೆ ಗುರುತ್ವಕೇಂದ್ರವೂ ಮೇಲೇರುತ್ತದೆ. ಆಮೇಲೆ ಗಿರಾಕಿಗಳೆಲ್ಲ ಸೂರ್ಯಾಸ್ತ ನೋಡಲು ಒಂದೇ ಕಟಕಟೆಗೆ ಬಂದರೆ? 1947ರ ಜುಲೈ 17ರಂದು ಮುಂಬೈನ ಭಾವುಚಾ ಧಕ್ಕಾದಿಂದ ರೇವಸ್‌ಗೆ ಹೊರಟ ‘ರಾಮದಾಸ್’ ಸ್ಟೀಮರ್ ಮಳೆಗಾಲದ ಅಲೆಗೆ ವಾಲಿತು, ಜನ ಒಂದೇ ಬದಿಗೆ ನುಗ್ಗಿದರು, ಹಡಗು ಮಗುಚಿತು. 600ಕ್ಕೂ ಹೆಚ್ಚು ಮಂದಿ ಸತ್ತರು.

ನಕ್ಷೆ ಒಪ್ಪುವ ಮೊದಲು ವಾಲಿಸಿ ನೋಡುವ ಪರೀಕ್ಷೆ ಮಾಡಿಸಿ. 300 ಟನ್ನಿನ ಹಡಗಿನಲ್ಲಿ 2 ಟನ್ ಭಾರವನ್ನು ಅಡ್ಡಲಾಗಿ 6 ಮೀಟರ್ ಸರಿಸಿದಾಗ 3 ಮೀಟರ್ ಲೋಲಕ 120 ಮಿ.ಮೀ. ಸರಿದರೆ ಜಿಎಂ (ವಾಲಿದ ಹಡಗು ಮತ್ತೆ ನೆಟ್ಟಗಾಗುವ ಬಲದ ಅಳತೆ) 1 ಮೀಟರ್. ಹಗ್ಗ ಸಡಿಲವಿರಲಿ, ಟ್ಯಾಂಕುಗಳು ಪೂರ್ತಿ ತುಂಬಿರಲಿ ಇಲ್ಲವೇ ಪೂರ್ತಿ ಖಾಲಿಯಿರಲಿ. ಅರ್ಧ ತುಂಬಿದ ನೀರು ಲೆಕ್ಕ ಕೆಡಿಸುತ್ತದೆ. ಬಾಯ್ಲರ್ ತೆಗೆಯಲೇಬೇಕೆಂದರೆ ತಳಕ್ಕೆ ಕಬ್ಬಿಣದ ಗಟ್ಟಿಗಳನ್ನು ಇಡಿ. ಕಾಂಕ್ರೀಟ್ ಸುರಿಯಬೇಡಿ, ಅದರಡಿ ತುಕ್ಕು ತಿನ್ನುವುದು ಯಾರಿಗೂ ಕಾಣುವುದಿಲ್ಲ. ಬಾಯ್ಲರಿಗೆ ಸುತ್ತಿದ್ದು ಆಸ್ಬೆಸ್ಟಾಸೇ (ಅದರ ಧೂಳು ಶ್ವಾಸಕೋಶಕ್ಕೆ ಅಪಾಯ) ಎಂದು ಮೊದಲೇ ಪರೀಕ್ಷಿಸಿ.

ಪಿಂಪ್ರಿ ವರ್ಕ್‌ಶಾಪ್:
ತಗಡಿನ ಮೇಲೆ ತಗಡು ಬೇಡವೇ ಬೇಡ. ನಡುವೆ ನೀರು ನಿಂತು ಎರಡೂ ಕೊಳೆಯುತ್ತವೆ. ವೆಲ್ಡಿಂಗ್ ಕಾವಿಗೆ ತಗಡು ಹಿಗ್ಗಿ ಕುಗ್ಗಿ ಪಕ್ಕದ ರಿವೆಟ್ ಸಡಿಲವಾಗುತ್ತದೆ. ಒಂದು ಸೋರಿಕೆ ಮುಚ್ಚಿದರೆ ನಾಲ್ಕು ಹುಟ್ಟುತ್ತವೆ. ಹಳೆ ಉಕ್ಕಿನಲ್ಲಿ ಗಂಧಕ, ರಂಜಕ ಹೆಚ್ಚಿದ್ದರೆ ಬೆಸುಗೆ ಬಿರುಕು ಬಿಡುತ್ತದೆ. ಮೊದಲು ಒಂದು ತುಂಡು ಕತ್ತರಿಸಿ ಲ್ಯಾಬಿಗೆ ಕಳಿಸಿ.

ಅಲ್ಟ್ರಾಸಾನಿಕ್ ಗೇಜಿನಲ್ಲಿ ದಪ್ಪ ಅಳೆಯುವಾಗ ನೀರಿನ ಗೆರೆಯ ಮೇಲೂ ಕೆಳಗೂ ಬಿಂದುಗಳು ಒತ್ತಾಗಿರಲಿ, ಒದ್ದೆ-ಒಣ ಆಗುವ ಆ ಪಟ್ಟಿಯೇ ಬೇಗ ಸವೆಯುವುದು.

ಬೈಕಲಾ ಭಟ್ಟ:
ಇಂಗ್ಲೆಂಡಿನ ‘ಮೆಡ್‌ವೇ ಕ್ವೀನ್’ ನೋಡಿ. 1924ರ ಪ್ಯಾಡಲ್ ಸ್ಟೀಮರ್, 1940ರಲ್ಲಿ ಯುದ್ಧದಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಕರೆತರಲು ಫ್ರಾನ್ಸಿನ ಡಂಕರ್ಕ್‌ಗೆ 7 ಬಾರಿ ಹೋಗಿ ಬಂದದ್ದು. 1963ರಲ್ಲಿ ನಿವೃತ್ತಿ, ಆಮೇಲೆ ಐಲ್ ಆಫ್ ವೈಟ್‌ನಲ್ಲಿ ಕ್ಲಬ್. ಕೊನೆಗೆ ಹಳೆ ಒಡಲು ಉಳಿಸಲಾಗದ ಸ್ಥಿತಿಗೆ ಬಂತು. ಬ್ರಿಸ್ಟಲ್‌ನಲ್ಲಿ ಹೊಸ ಒಡಲನ್ನೇ ರಿವೆಟ್ ಹೊಡೆದು ಕಟ್ಟಿದರು, 2013ರಲ್ಲಿ ಜಿಲಿಂಗ್‌ಹ್ಯಾಮ್‌ಗೆ ಮರಳಿತು. ಕಟ್ಟಿ ನಿಲ್ಲಿಸಿದ ಮಾತ್ರಕ್ಕೆ ಖರ್ಚು ನಿಲ್ಲುವುದಿಲ್ಲ.

ವಾಸ್ಕೋವಾಸಿ:
ಮಾಳಿಗೆ ಕೈಬಿಡಲು ಹೇಳುತ್ತೇನೆ. ಕರೆಂಟ್ ದಡದಿಂದಲೇ ಎಳೆಯುವುದು.

ದಾರುಖಾನಾ:
ಹಾಗಾದರೆ ದಡದ ತಂತಿಗೂ ಹಡಗಿಗೂ ನೇರ ಸಂಪರ್ಕ ತಪ್ಪಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿಸಿ. ದಡದ ಅರ್ಥಿಂಗ್ ತಂತಿ ನೇರ ಒಡಲಿಗೆ ಸೇರಿದರೆ ಹಡಗೇ ಆನೋಡ್ (ನೀರಿನಲ್ಲಿ ವಿದ್ಯುತ್ ಹರಿದಾಗ ಸವೆಯುವ ಲೋಹ) ಆಗಿ ಕರಗಬಹುದು. ಮಳೆಗಾಲದಲ್ಲಿ ಮಾಂಡೋವಿ ನೀರು ಸಿಹಿಯಾಗುವುದರಿಂದ ಒಡಲಿನ ಬದಲು ತಾನು ಸವೆಯಲೆಂದು ಹಾಕುವ ಸತುವಿನ ಆನೋಡ್ ಮಂಕಾಗುತ್ತದೆ. ಅಲ್ಯೂಮಿನಿಯಂ ವಾಸಿ.