‘ಸ್ಟಂಬಲ್’ ಅಂದರೆ ಬೀಳುವುದಾ? ನಾಲ್ಕನೇ ಕ್ಲಾಸಿನ ಮಗಳಿಗೆ ಹೇಗೆ ಹೇಳಲಿ?

ವಾಕಡ್‌ನ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲೇ ಪುಣೆಯಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾಳೆ. ಟೆಸ್ಟಿನಲ್ಲಿ ‘ಸ್ಟಂಬಲ್’ ಪದ ಬಳಸಿ ವಾಕ್ಯ ಬರೆಯಲು ಕೊಟ್ಟಿದ್ದರು. ‘ದಿ ಗ್ಲಾಸ್ ಸ್ಟಂಬಲ್ಡ್ ಫ್ರಮ್ ದಿ ಟೇಬಲ್’ ಎಂದು ಬರೆದಿದ್ದಾಳೆ. ಕೆಂಪು ಗೆರೆ ಎಳೆದಿದ್ದಾರೆ, ಯಾಕೆ ತಪ್ಪು ಎಂದು ಬರೆದಿಲ್ಲ. ನಿಘಂಟಿನಲ್ಲಿ ‘ಎಡವು’ ಎಂದಿತ್ತು. ಅದನ್ನೇ ಹೇಳಿದೆ. ‘ಎಡವು ಅಂದ್ರೆ ಏನಮ್ಮಾ?’ ಎಂದು ಕೇಳಿದಳು. ಆಗ ನಿಜವಾಗಿ ಹೆದರಿಕೆಯಾಯಿತು. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಮನೆಯಲ್ಲಿ ಕನ್ನಡ. ಯಾವುದೂ ಪೂರ್ತಿ ಬರದೆ ಹೋಗುತ್ತದಾ? ಅವಳ ಅಪ್ಪ ಮನೆಯಲ್ಲೂ ಇಂಗ್ಲಿಷೇ ಮಾತಾಡೋಣ ಅನ್ನುತ್ತಿದ್ದಾರೆ.

ಪಿಂಪ್ರಿಯ ಹಿರಿಯರು:
ತಂಗಿ, ಆ ಇಂಗ್ಲಿಷ್ ಪದ ಬಿಡು. ಮಗುವಿಗೆ ‘ಎಡವು’ ಗೊತ್ತಿಲ್ಲ, ನನಗೆ ಅದೇ ದೊಡ್ಡ ಚಿಂತೆ. ವಿಜಾಪುರದ ಮನೆಯಲ್ಲಿ ಹೊಸ್ತಿಲು ದಾಟುವಾಗೆಲ್ಲ ಅವ್ವ ‘ಎಡವೀಯ, ನೋಡಿ ನಡಿ’ ಅನ್ನುತ್ತಿದ್ದಳು. ಯಾರೂ ಕೂರಿಸಿ ಅರ್ಥ ಹೇಳಲಿಲ್ಲ. ಇಲ್ಲಿ ಫ್ಲ್ಯಾಟಿನಲ್ಲಿ ‘ಕೇರ್‌ಫುಲ್ ಬೇಟಾ’ ಅಂದರೆ ಕನ್ನಡ ಎಲ್ಲಿಂದ ಬರಬೇಕು? ಮನೆಯಲ್ಲಿ ಕನ್ನಡ, ಬರೀ ಕನ್ನಡ. ಇದನ್ನು ಎಷ್ಟು ಸಲವಾದರೂ ಹೇಳುತ್ತೇನೆ.

ಔಂಧ್‌ನ ಟೀಚರ್:
ಅಕ್ಕಾ, ಮೊದಲು ನಿಮ್ಮ ಪ್ರಶ್ನೆ. ನಡೆಯುವಾಗ, ಓಡುವಾಗ ಹೆಜ್ಜೆ ತಪ್ಪಿ ಆಯ ತಪ್ಪುವುದು ‘ಸ್ಟಂಬಲ್’. ಲೋಟಕ್ಕೆ ಕಾಲಿಲ್ಲ, ಅದಕ್ಕೇ ಗೆರೆ. ಲೋಟ ಬಿದ್ದರೆ ‘ಫೆಲ್’ ಸಾಕು. ಎತ್ತರಕ್ಕೆ ಜೋಡಿಸಿದ ಪುಸ್ತಕಗಳು ವಾಲಿ ಬಿದ್ದರೆ ‘ಟಾಪಲ್’. ಉರುಳಿಕೊಂಡು ಬಿದ್ದರೆ ‘ಟಂಬಲ್’. ಒಂದೇ ಅಕ್ಷರದ ವ್ಯತ್ಯಾಸ, ಮಕ್ಕಳು ಇಲ್ಲೇ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ತೂರಾಡುತ್ತಾ ನಡೆದರೆ ‘ಸ್ಟ್ಯಾಗರ್’.

ಇನ್ನೊಂದು ಮುಖ್ಯ ವಿಷಯ. ಸ್ಟಂಬಲ್ ಆದವರು ಬೀಳಲೇಬೇಕೆಂದಿಲ್ಲ. ‘ಶಿ ಸ್ಟಂಬಲ್ಡ್ ಬಟ್ ಡಿಡ್ ನಾಟ್ ಫಾಲ್’ ಸರಿಯಾದ ವಾಕ್ಯ. ಬಿದ್ದರೆ ‘ಸ್ಟಂಬಲ್ಡ್ ಅಂಡ್ ಫೆಲ್’. ಕಲ್ಲು ತಗುಲಿ ಎಡವಿದ್ದರೆ ‘ಸ್ಟಂಬಲ್ಡ್ ಓವರ್ ಎ ಸ್ಟೋನ್’. ಕನ್ನಡದಲ್ಲೂ ಎಡವಿದಾಗ ಕಾಲು ತಗುಲುತ್ತದೆ, ಮುಗ್ಗರಿಸಿದಾಗ ಮೈ ಮುಂದಕ್ಕೆ ಬಾಗುತ್ತದೆ, ಅಲ್ವಾ? ನಡೆದು ತೋರಿಸಿ. ಮಕ್ಕಳಿಗೆ ತಕ್ಷಣ ತಿಳಿಯುತ್ತದೆ.

ಪಣಜಿಯ ಅಪ್ಪ:
ನಾನು ಅವಳ ಅಪ್ಪನ ಪರ. ನಾವು ಮನೆಯಲ್ಲಿ ಇಂಗ್ಲಿಷ್ ಮಾತಾಡಿಸಿದೆವು. ಮಗ ಈಗ ಒಳ್ಳೆಯ ಕೆಲಸದಲ್ಲಿದ್ದಾನೆ, ಯಾವ ಸಭೆಯಲ್ಲೂ ತಡವರಿಸುವುದಿಲ್ಲ. ಊರು ಬಿಟ್ಟು ಬಂದ ಮೇಲೆ ಹೊಟ್ಟೆಪಾಡೂ ಮುಖ್ಯ.

ಪಿಂಪ್ರಿಯ ಹಿರಿಯರು:
ಅಜ್ಜಿಯ ಜೊತೆ ಅವನು ಏನು ಮಾತಾಡುತ್ತಾನೆ ಸರ್?

ಡೊಂಬಿವಲಿಯ ಅಕ್ಕ:
ಈ ಪ್ರಶ್ನೆ ನನಗೇ ತಾಗಿತು. ನಮ್ಮಪ್ಪ ಮುಂಬೈನಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಆಗ ಉಡುಪಿ, ಮಂಗಳೂರು ಕಡೆಯ ಎಷ್ಟೋ ಹುಡುಗರಿಗೆ ಆ ರಾತ್ರಿ ಶಾಲೆಗಳೇ ದಾರಿ. ಅಪ್ಪ ಕೊನೆಗಾಲದಲ್ಲಿ ಆಸ್ಪತ್ರೆಯಲ್ಲಿದ್ದಾಗ ನನ್ನ ಮಕ್ಕಳು ಪಕ್ಕದಲ್ಲಿ ಕೂತಿರುತ್ತಿದ್ದರು, ಮಾತೇ ಇರುತ್ತಿರಲಿಲ್ಲ. ಅವರ ಹಿಂದಿ ಅಪ್ಪನಿಗೆ ಅರ್ಥವಾಗುತ್ತಿತ್ತು. ಆದರೂ ಅಪ್ಪ ಕನ್ನಡದಲ್ಲೇ ಏನೋ ಕೇಳುತ್ತಿದ್ದರು.

ಪಿಂಪ್ರಿಯ ಹಿರಿಯರು:
ನಾನು ಹೇಳುತ್ತಿರುವುದೂ ಅದನ್ನೇ! ಇಂಗ್ಲಿಷ್ ಶಾಲೆ ಕಲಿಸುತ್ತದೆ, ಮರಾಠಿ ಬೀದಿ ಕಲಿಸುತ್ತದೆ. ಕನ್ನಡ ಕಲಿಸಲು ಇಲ್ಲಿ ಇನ್ಯಾರಿದ್ದಾರೆ?

ಹಡಪ್ಸರ್‌ನಿಂದ:
ಮರಾಠಿಯನ್ನು ಬೀದಿಗೆ ಮಾತ್ರ ಬಿಡಬೇಡಿ ಸರ್. 2020ರ ಕಾನೂನು ಬಂದ ಮೇಲೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಅಕ್ಕಾ, ಮಗಳಿಗೆ ‘ಅಡಖಳಣೇ’ ಗೊತ್ತಾ ಕೇಳಿ. ನಡೆಯುವಾಗ ಎಡವಿದರೂ ಅದೇ, ಓದುವಾಗ ತಡವರಿಸಿದರೂ ಅದೇ. ಸ್ಟಂಬಲ್ ಕೂಡ ಹಾಗೇ, ಮಾತಿಗೂ ಬಳಸುತ್ತಾರೆ. ಗೊತ್ತಿರುವ ಭಾಷೆಯಿಂದ ಹಿಡಿದುಕೊಂಡು ಹೋಗಬಹುದು.

ಪಿಂಪ್ರಿಯ ಹಿರಿಯರು:
ಕನ್ನಡ ಪದ ಕಲಿಸಲು ಮರಾಠಿ ಬೇಕಾ? ಇದನ್ನು ನಾನು ಒಪ್ಪುವುದಿಲ್ಲ.

ವಾಕಡ್‌ನ ಅಮ್ಮ:
ಟೀಚರ್ ಹೇಳಿದ ಹಾಗೆ ಹಾಲ್‌ನಲ್ಲಿ ನಡೆದು ತೋರಿಸಿದೆ. ಕಾಲೊರಸಿಗೆ ಕಾಲು ಸಿಕ್ಕಿಸಿ ಎಡವಿದೆ, ಬೀಳಲಿಲ್ಲ. ‘ಓ, ಅಡಖಳಲೀಸ್!’ ಎಂದು ಕೂಗಿದಳು. ಈಗ ಮೂರೂ ಪದ ಬರೆದಿಟ್ಟಿದ್ದಾಳೆ. ಮನೆಯ ಭಾಷೆ ಕನ್ನಡವೇ ಇರಲಿ ಎಂದು ಅವಳ ಅಪ್ಪನಿಗೂ ಹೇಳಿದ್ದೇನೆ, ಇನ್ನೂ ಒಪ್ಪಿಲ್ಲ. ಇನ್ನೊಂದು ಪ್ರಶ್ನೆ: ಪಾಠದಲ್ಲಿ ‘ದೇ ಸ್ಟಂಬಲ್ಡ್ ಅಪಾನ್ ಎ ಕೇವ್’ ಎಂದಿದೆ. ಗುಹೆ ತಗುಲಿ ಎಡವಿದರು ಅಂತಲಾ?

ಔಂಧ್‌ನ ಟೀಚರ್:
ಅಲ್ಲ ಅಕ್ಕಾ. ‘ಅಪಾನ್’ ಸೇರಿದರೆ ಹುಡುಕದೆ ಆಕಸ್ಮಿಕವಾಗಿ ಸಿಕ್ಕಿತು ಎಂದು ಅರ್ಥ. ‘ಸ್ಟಂಬಲ್ಡ್ ಅಕ್ರಾಸ್’ ಅಂದರೂ ಅದೇ.