ಗ್ರಹ, ಚಂದ್ರರ ಲೆಕ್ಕಕ್ಕೆ ಲೈಬ್ರರಿ: ಬರೆದವರ ಅನುಭವ

ಪ್ರಶ್ನೆ: ಗ್ರಹಗಳು ಮತ್ತು ಚಂದ್ರ ಆಕಾಶದಲ್ಲಿ ಎಲ್ಲಿವೆ ಎಂದು ಲೆಕ್ಕ ಹಾಕುವ ಸಣ್ಣ ಸಾಫ್ಟ್‌ವೇರ್ ಲೈಬ್ರರಿಯೊಂದನ್ನು ಬರೆಯಬೇಕೆಂದಿದ್ದೇನೆ. ಇಂಥ ಕೆಲಸ ಮಾಡಿದವರು ಯಾವುದಕ್ಕೆ ಹೆಚ್ಚು ಗಮನ ಕೊಡಬೇಕೆಂದು ತಿಳಿಸುವಿರಾ?

ಒಬ್ಬರ ಉತ್ತರ: ಮೊದಲು ಕಾಲವನ್ನು ಸರಿಪಡಿಸಿಕೊಳ್ಳಿ, ಸ್ಥಾನದ ಸೂತ್ರಗಳು ಆಮೇಲೆ ಬರಲಿ. ಗಡಿಯಾರಗಳಿಗೆ ಆಧಾರವಾದ ಜಾಗತಿಕ ಕಾಲ ಯುಟಿಸಿಗೂ ಲೆಕ್ಕಕ್ಕೆ ಬೇಕಾದ, ಒಂದೇ ಸಮನೆ ಸಾಗುವ ಕಾಲಮಾನ ಟಿಟಿಗೂ 2017ರಿಂದ 69.184 ಸೆಕೆಂಡುಗಳ ಅಂತರವಿದೆ. ಗ್ರಹಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಚಂದ್ರ ಮಾತ್ರ ಅಷ್ಟರಲ್ಲಿ ಸುಮಾರು 38 ಆರ್ಕ್‌ಸೆಕೆಂಡು (ಡಿಗ್ರಿಯ 3600ನೇ ಒಂದು ಭಾಗಕ್ಕೆ ಒಂದು ಆರ್ಕ್‌ಸೆಕೆಂಡು) ಸರಿದಿರುತ್ತಾನೆ. ಹಾಗಾಗಿ ಪರೀಕ್ಷೆಗೆ ಚಂದ್ರನಷ್ಟು ಒಳ್ಳೆಯವನು ಇನ್ನೊಬ್ಬನಿಲ್ಲ. ಯಾವ ಫಂಕ್ಷನ್‌ಗೂ ಬರಿಯ ಸಂಖ್ಯೆಯಾಗಿ ಕಾಲವನ್ನು ಕೊಡಬೇಡಿ. ಅದು ಯಾವ ಮಾನದ ಕಾಲ ಎಂಬುದೂ ಜೊತೆಗಿರಲಿ. ದಿನಗಳನ್ನು ಒಂದೇ ಸಮನೆ ಎಣಿಸುತ್ತಾ ಹೋಗುವ ಜೂಲಿಯನ್ ದಿನಾಂಕವನ್ನು ಒಂದೇ ಡಬಲ್‌ನಲ್ಲಿಟ್ಟರೆ (64 ಬಿಟ್‌ನ ದಶಮಾಂಶ ಸಂಖ್ಯೆ) ನಿಖರತೆ ಸುಮಾರು 40 ಮೈಕ್ರೋಸೆಕೆಂಡಿಗೆ ನಿಲ್ಲುತ್ತದೆ. ಪೈಥಾನ್ ಭಾಷೆಯ ಖಗೋಳ ಲೈಬ್ರರಿ ಆಸ್ಟ್ರೋಪೈ ಎರಡು ಡಬಲ್ ಬಳಸುವುದು ಇದೇ ಕಾರಣಕ್ಕೆ.

ಇನ್ನೊಬ್ಬರು: ಕೋನಗಳನ್ನು ಓದುವ ಕೋಡನ್ನು ಹಗುರವಾಗಿ ಕಾಣಬೇಡಿ. ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯಲ್ಲಿರುವ ಮಿಂಟಾಕಾ ನಕ್ಷತ್ರದ ಘಂಟಾವೃತ್ತಾಂಶ (ಆಕಾಶದ ವಿಷುವದ್ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕೋನದೂರ) −00° 17′ 57″. ಡಿಗ್ರಿಯನ್ನು ಪೂರ್ಣಾಂಕವಾಗಿ ಓದಿದರೆ ಸೊನ್ನೆಯ ಹಿಂದಿನ ಋಣಚಿಹ್ನೆ ಮಾಯವಾಗಿ, ನಕ್ಷತ್ರ ಹುಣ್ಣಿಮೆ ಚಂದ್ರನ ಅಗಲಕ್ಕಿಂತಲೂ ಹೆಚ್ಚು ಉತ್ತರಕ್ಕೆ ಹೋಗಿ ಕೂರುತ್ತದೆ. ಚಿಹ್ನೆಯನ್ನು ಬೇರೆಯಾಗಿ ಓದಿ, ಇದೇ ನಕ್ಷತ್ರವನ್ನು ಪರೀಕ್ಷೆಯಲ್ಲಿ ಸೇರಿಸಿ.

ಮತ್ತೊಬ್ಬರು: ಅಯನಚಲನೆ (ಭೂಮಿಯ ಅಕ್ಷದ ದಿಕ್ಕು ನಿಧಾನವಾಗಿ ಬದಲಾಗುವುದು), ಅಕ್ಷವಿಚಲನೆ (ಅದೇ ಅಕ್ಷದ ಸಣ್ಣ ಓಲಾಟ)ಗಳನ್ನು ದಯವಿಟ್ಟು ಸ್ವತಃ ಬರೆಯಲು ಹೋಗಬೇಡಿ. ಅಕ್ಷವಿಚಲನೆಯ ಪೂರ್ಣ ಗಣಿತ ಸರಣಿಯಲ್ಲಿ ಸಾವಿರಕ್ಕೂ ಹೆಚ್ಚು ಪದಗಳಿವೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಲೆಕ್ಕದ ಕೋಡು ಸೋಫಾದಿಂದ ಹುಟ್ಟಿದ ಎರ್ಫಾ ಎಂಬ ಲೈಬ್ರರಿ ಮುಕ್ತ ಪರವಾನಗಿಯಲ್ಲೇ ಸಿಗುತ್ತದೆ. ನಿಮ್ಮ ಶ್ರಮವನ್ನು ಅದರ ಮೇಲೊಂದು ಅಚ್ಚುಕಟ್ಟಾದ ಪದರ ಕಟ್ಟಲು ಮೀಸಲಿಡಿ.

ನಿಮ್ಮ ಲೈಬ್ರರಿ ಕೊಡುವ ಉತ್ತರಗಳನ್ನು ನಾಸಾದ ಜೆಪಿಎಲ್ ಪ್ರಯೋಗಾಲಯದ ಹಾರೈಜನ್ಸ್ ಜೊತೆ ಹೋಲಿಸಿ, ಅದು ಆಕಾಶಕಾಯಗಳ ಸ್ಥಾನ ಕೊಡುವ ಆನ್‌ಲೈನ್ ಸೇವೆ. ಅಲ್ಲಿ ಕಾಣುವ ವ್ಯತ್ಯಾಸದ ಗಾತ್ರವೇ ಕಾರಣವನ್ನು ಹೇಳಿಬಿಡುತ್ತದೆ, ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗವಿದು. 20 ಆರ್ಕ್‌ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಬೆಳಕಿನ ವಿಪಥನ (ಭೂಮಿಯ ಚಲನೆಯಿಂದ ಕಾಯಗಳು ತುಸು ಸರಿದಂತೆ ಕಾಣುವುದು) ಬಿಟ್ಟುಹೋಗಿದೆ. ಮೂರನೆಯ ಒಂದು ಡಿಗ್ರಿಗಿಂತ ತುಸು ಹೆಚ್ಚಿದ್ದರೆ ಅಯನಚಲನೆ ಬಿಟ್ಟುಹೋಗಿದೆ: ಒಂದು ಕಡೆ 2000ನೇ ಇಸವಿಗೆ ಹೊಂದಿಸಿದ ನಿರ್ದೇಶಾಂಕ, ಇನ್ನೊಂದು ಕಡೆ ಇಂದಿನದು. ಚಂದ್ರ ಮಾತ್ರ ಒಂದು ಡಿಗ್ರಿಯವರೆಗೆ ತಪ್ಪಿದ್ದರೆ ಭೂಕೇಂದ್ರದಿಂದ ನೋಡಿದ ಸ್ಥಾನವನ್ನು ನೆಲದಿಂದ ನೋಡಿದ್ದಕ್ಕೆ ಹೋಲಿಸುತ್ತಿದ್ದೀರಿ. ಹೋಲಿಕೆಗೆ ತಂದ ಅಂಕಿಗಳನ್ನು ಫೈಲಿನಲ್ಲಿಟ್ಟು ಕೋಡಿನ ಜೊತೆಯಲ್ಲೇ ಸೇರಿಸಿ, ಆಗ ಪರೀಕ್ಷೆ ನಡೆಸಲು ಪ್ರತಿಸಲ ಇಂಟರ್‌ನೆಟ್ ಬೇಕಾಗುವುದಿಲ್ಲ.