ಸುಮಾ, ಆ ಪುಕ್ಕಟೆ ಎಸ್‌ಎಂಪಿಎಸ್ ಬೇಡ

ಸುಮಾ, ನಮ್ಮವರ ಮೊಬೈಲ್ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆ ಹಾಲು ಕಾಯಿಸುವಾಗಲೇ ನೋಡಿದೆ. ಉತ್ತರ ಬರೆಯೋಣವೆಂದು ಕುಳಿತರೆ ಈ ಮೊಬೈಲಿನ ಕೀಲಿಗಳು ಸಾಸಿವೆ ಕಾಳಿನಷ್ಟಿವೆ. ಮೂವತ್ತು ವರ್ಷ ಟೈಪಿಂಗ್ ಕಲಿಸಿದವಳ ಪಾಡು ನೋಡು! ಅದಕ್ಕೇ ಮಾತನಾಡಿಯೇ ಕಳುಹಿಸುತ್ತಿದ್ದೇನೆ. ಉದ್ದವಾಗುತ್ತದೆ, ಕೆಲಸ ಮಾಡುತ್ತಲೇ ಕೇಳು.

ಅಭಿ ಗೇಮ್ ಆಡುವ ಕಂಪ್ಯೂಟರ್ ಜೋಡಿಸಿಕೊಳ್ಳುತ್ತಾನಂತೆ, ಅರವತ್ತು ಸಾವಿರ ಕೇಳುತ್ತಿದ್ದಾನೆ, ಅಂಗಡಿಯವರು ಬರೆದುಕೊಟ್ಟ ಪಟ್ಟಿ ಸರಿಯಾಗಿದೆಯೇ, ದುಡ್ಡು ನೀರುಪಾಲಾಗುವುದಿಲ್ಲವೇ, ಕರೆಂಟ್ ಬಿಲ್ ಎಷ್ಟು ಬರುತ್ತದೆ ಎಂದು ಕೇಳಿದ್ದೀಯೆ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಗಿರೀಶ, ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಇನ್ನೂ ದೊಡ್ಡದಿರಲಿ ಎಂದ. ಮಂಜಣ್ಣ ಲ್ಯಾಪ್‌ಟಾಪೇ ಒಳ್ಳೆಯದು ಎಂದು ತೀರ್ಪು ಕೊಟ್ಟ. ಕುಸುಮಳ ಮಗ ಬಣ್ಣದ ದೀಪದ ಫ್ಯಾನುಗಳ ಚಿತ್ರ ಹಾಕಿದ. ಹದಿನಾಲ್ಕು ಸಂದೇಶಗಳು ಬಂದವು. ಪಟ್ಟಿಯ ಕೊನೆಯ ಸಾಲನ್ನು ಒಬ್ಬರೂ ಓದಲಿಲ್ಲ. "ಕ್ಯಾಬಿನೆಟ್, ನಾಲ್ಕು ಫ್ಯಾನ್ ಸಹಿತ, 500 ವಾಟ್ ಎಸ್‌ಎಂಪಿಎಸ್ ಉಚಿತ." ಕ್ಯಾಬಿನೆಟ್ ಎಂದರೆ ಕಂಪ್ಯೂಟರಿನ ಹೊರಗಿನ ಪೆಟ್ಟಿಗೆ. ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಇಳಿಸಿ ಹಂಚುವ ಡಬ್ಬಿ. ಆ ಉಚಿತ ಎಂಬ ಮೂರಕ್ಷರ ಕಂಡದ್ದೇ ತಡ, ನನಗೆ 2008ರ ಏಪ್ರಿಲ್ ತಿಂಗಳ ಸುಟ್ಟ ವಾಸನೆ ಮೂಗಿಗೆ ಬಂತು.

ಉಳಿದದ್ದನ್ನು ಆಮೇಲೆ ಹೇಳುತ್ತೇನೆ, ಇದೊಂದನ್ನು ಮೊದಲು ಕೇಳಿಸಿಕೊ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಬೇಡ. ಅಂಗಡಿಯವರು ಎಷ್ಟೇ ನಯವಾಗಿ ಹೇಳಲಿ, ಬೇಡ.

ಸಾಗರದ ನಮ್ಮ ಅಂಗಡಿ ನಿಮಗೆಲ್ಲ ಗೊತ್ತೇ ಇದೆ. ಮುಂದೆ ಟೈಪಿಂಗ್, ನಡುವೆ ಅಚ್ಚಿಗೆ ಪುಟ ಜೋಡಿಸುವ ಡಿಟಿಪಿ, ಹಿಂದಿನ ಕೋಣೆಯಲ್ಲಿ ಹುಡುಗರ ಆಟದ ಕಂಪ್ಯೂಟರುಗಳು. ಆಷಾಢ ಬಂತೆಂದರೆ ಲಗ್ನಪತ್ರಿಕೆಯ ಕೆಲಸ ನಿಲ್ಲುತ್ತಿತ್ತು, ಬಾಡಿಗೆ ಮಾತ್ರ ನಿಲ್ಲುತ್ತಿರಲಿಲ್ಲ. ಗಂಟೆಗೆ ಹದಿನೈದು ರೂಪಾಯಿಯಂತೆ ಆಟವಾಡಿಸಿದ್ದು ಆ ಬಾಡಿಗೆಗಾಗಿ. ನಾಲ್ಕು ಹಳೆಯ ಕಂಪ್ಯೂಟರುಗಳಿದ್ದವು. ಐದನೆಯದನ್ನು ನಾನೇ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯಲ್ಲಿ ಒಂದು ದಿನವಿಡೀ ಅಲೆದು, ಒಂದೊಂದೇ ಭಾಗ ಆರಿಸಿ ತಂದೆ. 8600 ಜಿಟಿ ಎಂಬ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆ. ಆ ಕಾಲಕ್ಕೆ ಅದೊಂದು ದೊಡ್ಡ ಹೆಸರು. ನಮ್ಮೂರ ಹುಡುಗರು ಬಾಗಿಲಲ್ಲಿ ನಿಂತು ಅದನ್ನು ನೋಡಿ ಹೋಗುತ್ತಿದ್ದರು.

ಕಾರ್ಡಿಗೇ ದುಡ್ಡೆಲ್ಲ ಸುರಿದಾಗಿತ್ತಲ್ಲ, ಕೊನೆಗೆ ಎಸ್‌ಎಂಪಿಎಸ್ ಸರದಿ ಬಂದಾಗ ಕೈ ಬಿಗಿಯಾಯಿತು. ಒಳ್ಳೆಯದನ್ನು ಬೇರೆಯಾಗಿ ಕೊಂಡರೆ ಒಂಬೈನೂರು ರೂಪಾಯಿ ಹೆಚ್ಚು. ಆ ಅಂಗಡಿಯವನ ಹೆಸರು ಹೇಳುವುದಿಲ್ಲ, ಬಿಡು. "ಮೇಡಂ, ಕ್ಯಾಬಿನೆಟ್ ಒಳಗೇ 450 ವಾಟ್ ಇದೆ, ಸುಮ್ಮನೆ ಯಾಕೆ ಖರ್ಚು" ಎಂದ. ನನ್ನ ಮನಸ್ಸಿನಲ್ಲಿದ್ದದ್ದನ್ನೇ ಅವನು ಹೇಳಿದ. ಒಂಬೈನೂರು ಉಳಿಸಿದೆ. ಬರುವ ದಾರಿಯಲ್ಲಿ ನಿಮಗೆಲ್ಲ ಮೈಸೂರು ಪಾಕ್ ತಂದದ್ದು ಅದೇ ದುಡ್ಡಿನಲ್ಲಿ.

ಎಂಟು ತಿಂಗಳು ನಡೆಯಿತು. ಸುಮಾ, ಅದೇ ಮೋಸ. ಮೊದಲ ದಿನವೇ ಕೆಟ್ಟಿದ್ದರೆ ವಾಪಸು ಕೊಟ್ಟು ಬರುತ್ತಿದ್ದೆ. ಐದೂ ಕಂಪ್ಯೂಟರುಗಳಲ್ಲಿ ವೇಗದ್ದು ಅದೇ ಆದ್ದರಿಂದ ನಾನು ಬೆಳಗಿನ ಹೊತ್ತು ಡಿಟಿಪಿ ಕೆಲಸವನ್ನೂ ಅದರಲ್ಲೇ ಮಾಡತೊಡಗಿದೆ. ಶಾಲೆಯೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆ ಆಗ ನನ್ನ ಕೈಯಲ್ಲಿತ್ತು. ನೂರ ನಲವತ್ತು ಪುಟ, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಪೇಜ್‌ಮೇಕರಿನಲ್ಲಿ ಪುಟ ಕಟ್ಟಿದ್ದು. ಮೊದಲ ಅರವತ್ತು ಪುಟಗಳನ್ನು ಮಾತ್ರ ಸಿಡಿಗೆ ಹಾಕಿಟ್ಟಿದ್ದೆ.

ಏಪ್ರಿಲ್ ತಿಂಗಳ ಸಂಜೆ. ಗುಡುಗು ಶುರುವಾಗಿತ್ತು. ಕರೆಂಟ್ ಹೋಯಿತು, ಬಂತು. ಮತ್ತೆ ಹೋಯಿತು, ಬಂತು. ಮೂರನೆಯ ಸಲ ಬಂದಾಗ ಟಪ್ ಎಂಬ ಸದ್ದು, ಕ್ಯಾಬಿನೆಟ್ ಹಿಂದೆ ಒಂದು ನೀಲಿ ಮಿಂಚು. ಕುರ್ಚಿಯಲ್ಲಿದ್ದ ಹುಡುಗ ಚಪ್ಪಲಿ ಬಿಟ್ಟು ರಸ್ತೆಗೆ ಓಡಿದ. ಕೋಣೆಯ ತುಂಬ ಮೀನು ಸುಟ್ಟಂಥ ವಾಸನೆ. ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ, ಆದರೂ ಮೂರು ದಿನ ಅದೇ ವಾಸನೆ. ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಎಂಬ ಸಣ್ಣ ಭಾಗ ಒಡೆದು ಒಳಗಿನ ದ್ರವ ಹೊರಬಂದರೆ ಹಾಗೆ ನಾರುತ್ತದೆ ಎಂದು ಆಮೇಲೆ ತಿಳಿಯಿತು.

ಮರುದಿನ ಆ ಡಬ್ಬಿಯ ನಾಲ್ಕು ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟು ನೋಡಿದೆ. ಎರಡು ಕೆಪಾಸಿಟರುಗಳ ತಲೆ ಪೂರಿಯಂತೆ ಉಬ್ಬಿತ್ತು, ಒಂದರದ್ದು ಸೀಳಿತ್ತು. ಬೋರ್ಡಿನ ಮೇಲೆ ಕರೆಂಟನ್ನು ಸೋಸುವ ಸುರುಳಿಗಳಿಗೆ, ಫಿಲ್ಟರುಗಳಿಗೆ ಜಾಗ ಗುರುತು ಮಾಡಿ ಅಚ್ಚು ಹಾಕಿದ್ದಾರೆ, ಆದರೆ ಅಲ್ಲಿ ಸುರುಳಿಯೂ ಇಲ್ಲ, ಫಿಲ್ಟರೂ ಇಲ್ಲ. ಬದಲಿಗೆ ಒಂದೊಂದು ತುಂಡು ತಂತಿ ಬೆಸುಗೆ ಹಾಕಿ ಮುಂದೆ ಹೋಗಿದ್ದಾರೆ. ಎದುರಿನ ಅಡಿಕೆ ಮಂಡಿಯ ತಕ್ಕಡಿಯಲ್ಲಿ ಇಟ್ಟೆ, ಮುಕ್ಕಾಲು ಕಿಲೋ ಕೂಡ ಇರಲಿಲ್ಲ. ಆಮೇಲೆ ತಂದ ಒಳ್ಳೆಯದು ಅದರ ಎರಡರಷ್ಟು ತೂಗಿತು. ಚೀಟಿಯಲ್ಲಿ 450 ವಾಟ್ ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ ಸಣ್ಣಕ್ಷರದಲ್ಲಿ 12 ವೋಲ್ಟಿನ ಸಾಲಿಗೆ 15 ಆಂಪಿಯರ್. ಗುಣಿಸಿ ನೋಡು, 180 ವಾಟ್. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಮತ್ತು ಕಾರ್ಡ್ ಮುಖ್ಯವಾಗಿ ಉಣ್ಣುವುದು ಆ 12 ವೋಲ್ಟಿನ ಸಾಲಿನಿಂದ. ಮಿಕ್ಕ ಸಾಲುಗಳನ್ನು ಕೂಡಿಸಿ ದೊಡ್ಡ ಸಂಖ್ಯೆ ತೋರಿಸಿದ್ದರು.

ಅದು ಒಂದೇ ಸತ್ತಿದ್ದರೆ ಒಂಬೈನೂರಕ್ಕೆ ಮುಗಿಯುತ್ತಿತ್ತು. ಅದು ಸಾಯುವಾಗ ಭಾಗಗಳನ್ನೆಲ್ಲ ಕೂಡಿಸುವ ಹಲಗೆಯಾದ ಮದರ್‌ಬೋರ್ಡ್, ಕಾರ್ಡ್, ಹಾರ್ಡ್ ಡಿಸ್ಕ್ ಮೂರನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಎಂಬತ್ತು ಪುಟಗಳನ್ನು ಹನ್ನೊಂದು ರಾತ್ರಿ ಕುಳಿತು ಮತ್ತೆ ಟೈಪ್ ಮಾಡಿದೆ. ನಿವೃತ್ತ ಮೇಷ್ಟರೊಬ್ಬರ ನೆನಪಿನ ಲೇಖನದ ಕೈಬರಹದ ಪ್ರತಿಯೂ ಎಲ್ಲೋ ಹೋಗಿತ್ತು. ಅವರ ಮನೆಗೆ ಹೋಗಿ, ಅವರು ಹೇಳುತ್ತ ಹೋದಂತೆ ಮತ್ತೆ ಬರೆದುಕೊಂಡು ಬಂದೆ. ಎರಡನೆಯ ಸಲ ಹೇಳುವಾಗ ಅವರು ಮೊದಲಿಗಿಂತ ಚೆನ್ನಾಗಿ ಹೇಳಿದರು, ಅದೊಂದು ಬೇರೆ ಮಾತು.

ಆಗ ಈ ಗುಂಪಿನವರು ಏನು ಹೇಳಿದಿರಿ, ನೆನಪಿದೆಯೇ? ಗುಂಪು ಆಗ ಇರಲಿಲ್ಲ, ಜನ ಇವರೇ. ಸುಮಾ, ನಿಮ್ಮ ಮನೆಯ ಶ್ರೀಧರನಿಗೇ ಹೇಳುತ್ತಿದ್ದೇನೆ. ಶ್ರೀಧರಾ, ನೀನೂ ಇದನ್ನು ಕೇಳುತ್ತೀಯೆಂದು ಗೊತ್ತು, ಕೇಳು. "ಹೆಂಗಸರಿಗೆ ಯಾಕೆ ಬೇಕಿತ್ತು ಈ ಉಸಾಬರಿ, ಟೈಪಿಂಗ್ ಕಲಿಸಿಕೊಂಡಿದ್ದರೆ ಸಾಲದೇ" ಎಂದವನು ನೀನು. ಕರೆಂಟಿನವನು ಬಂದರೆ ನನ್ನ ಅಂಗಡಿಯಲ್ಲಿ ನಿಂತು ನನ್ನ ಮನೆಯವರಿಗೆ ವಿವರಿಸುತ್ತಿದ್ದ. ಅವರಿಗೆ ಫ್ಯೂಸ್ ಯಾವುದು, ಪ್ಲಗ್ ಯಾವುದು ತಿಳಿಯದು, ಪಾಪ, ಹೂಂ ಹೂಂ ಎನ್ನುತ್ತಿದ್ದರು. ನಮ್ಮ ದೊಡ್ಡವಳ ಸಂಬಂಧದ ಮಾತುಕತೆಯಲ್ಲಿ "ಅವರ ಅಂಗಡಿಯಲ್ಲಿ ಹುಡುಗರನ್ನು ಹಾಳು ಮಾಡುವ ಆಟವಾಡಿಸುತ್ತಾರೆ" ಎಂದು ಯಾರು ಹೇಳಿದ್ದೆಂದು ನನಗೆ ಗೊತ್ತು, ಹೆಸರು ಎತ್ತುವುದಿಲ್ಲ. ಈಗ ಅದೇ ಮನೆಗಳ ಮೊಮ್ಮಕ್ಕಳಿಗೆಲ್ಲ ಗೇಮ್ ಕಂಪ್ಯೂಟರ್ ಬೇಕು. ಬೇಡವೆನ್ನಲಾರೆ. ಆಡಲಿ. ಅಭಿ ಓದುವ ಹುಡುಗ.

ನನ್ನ ಯುಪಿಎಸ್, ಅಂದರೆ ಕರೆಂಟ್ ಹೋದಾಗ ಕಂಪ್ಯೂಟರ್ ಆರದಂತೆ ಕಾಯುವ ಬ್ಯಾಟರಿ ಪೆಟ್ಟಿಗೆಯ ವಿಷಯವನ್ನೂ ಹೇಳಿಬಿಡುತ್ತೇನೆ. 2011ರಲ್ಲಿ ನಿಮ್ಮ ಶಿವಮೊಗ್ಗದ ಮನೆಯ ಗೃಹಪ್ರವೇಶಕ್ಕೆ, ಎರಡು ದಿನದ ಮಟ್ಟಿಗೆ ಎಂದು ಶ್ರೀಧರ ನನ್ನ ಡಿಟಿಪಿ ಕಂಪ್ಯೂಟರಿನ ಯುಪಿಎಸ್ ಒಯ್ದ. ಮೈಕ್ ಸೆಟ್ಟಿನವನಿಗೆ ಬೇಕಂತೆ. ಆ ಎರಡು ದಿನ ಇನ್ನೂ ಮುಗಿದಿಲ್ಲ. ಸುಮಾ, ನಿನ್ನ ತಪ್ಪಲ್ಲ, ನೀನು ಆಗ ಸೊಸೆಯಾಗಿ ಬಂದು ವರ್ಷಗಳೇನೂ ಆಗಿರಲಿಲ್ಲ. ಮಹಡಿಯ ಮೆಟ್ಟಿಲ ಕೆಳಗೆ ಒಮ್ಮೆ ನೋಡು, ಅಷ್ಟೇ.

ತಡೆ, ಕುಕ್ಕರ್ ಇಳಿಸಿ ಬರುತ್ತೇನೆ.

ಹೂಂ. ಎಲ್ಲಿದ್ದೆ? ಎಸ್‌ಎಂಪಿಎಸ್. ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಪುಕ್ಕಟೆಯದು ಬೇಡ. ಕಾರ್ಡ್ ಒಂದು ಮೆಟ್ಟಿಲು ಕೆಳಗಿನದಾದರೆ ಆಟ ಸ್ವಲ್ಪ ಮಸುಕಾಗಿ ಕಾಣುತ್ತದೆ, ಅಷ್ಟೇ. ಎಸ್‌ಎಂಪಿಎಸ್ ಕೆಟ್ಟದಾದರೆ ಕಾರ್ಡೇ ಉಳಿಯುವುದಿಲ್ಲ. ಅಭಿಗೆ ಹೀಗೆಯೇ ಹೇಳು, ಅಜ್ಜಿ ಹೇಳಿದ್ದು ಎಂದು ಹೇಳು.

ಈಗ ಪಟ್ಟಿ. ನೀನು ಕೇಳಿದ್ದು ಇದನ್ನೇ ಅಲ್ಲವೇ, ನಾನು ಎಲ್ಲಿಗೋ ಹೋದೆ. ಪ್ರೊಸೆಸರ್ ರೈಜೆನ್ 5 5600, ಕಾರ್ಡ್ ಆರ್‌ಎಕ್ಸ್ 6600. ಎರಡೂ ಹಳೆಯ ತಲೆಮಾರಿನವು, ಆದರೆ ಈ ಬಜೆಟ್ಟಿಗೆ ಹೊಂದುವ ಜೋಡಿ, ಮುಟ್ಟಬೇಡ. ಪ್ರೊಸೆಸರ್ ಡಬ್ಬಿಯಲ್ಲೇ ಅದರ ಫ್ಯಾನ್ ಬರುತ್ತದೆ, ಬೇರೆ ಕೂಲರ್ ಮಾರಲು ಬಂದರೆ ಬೇಡ ಎನ್ನಲಿ. ಒಂದು ವಿಷಯ, 5600ರಲ್ಲಿ ಚಿತ್ರ ತೋರಿಸುವ ಭಾಗ ಒಳಗೆ ಇಲ್ಲ. ಮಾನಿಟರಿನ ತಂತಿಯನ್ನು ಕಾರ್ಡಿಗೇ ಸಿಕ್ಕಿಸಬೇಕು. ಮದರ್‌ಬೋರ್ಡಿಗೆ ಸಿಕ್ಕಿಸಿ ಪರದೆ ಕಪ್ಪಾಗಿದೆ ಎಂದು ನನಗೆ ರಾತ್ರಿ ಫೋನ್ ಮಾಡಬೇಡಿ. ದುಡ್ಡು ಸಾಲದಿದ್ದರೆ 5600ಜಿ ಕೊಳ್ಳಲಿ. ಅದರಲ್ಲಿ ಗ್ರಾಫಿಕ್ಸ್ ಒಳಗೇ ಇದೆ, ಹಳೆಯ ಆಟಗಳು ನಡೆಯುತ್ತವೆ, ಕಾರ್ಡನ್ನು ಮುಂದಿನ ವರ್ಷ ಹಾಕಬಹುದು. ಯಾರೋ ಬಳಸಿ ಬಿಟ್ಟ ಕಾರ್ಡ್ ಅರ್ಧ ಬೆಲೆಗೆ ಸಿಗುತ್ತದೆ ಎಂದು ಗಿರೀಶ ಹೇಳುತ್ತಾನೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯ, ಕಾರ್ಡುಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವ ಗಣಿಗಾರಿಕೆಯ ಪದ್ಧತಿಯನ್ನೇ ಬಿಟ್ಟಿತಲ್ಲ, ಆಗ ಹಗಲೂ ರಾತ್ರಿ ದುಡಿದ ಕಾರ್ಡುಗಳೆಲ್ಲ ಪೇಟೆಗೆ ಬಂದವು. ಬಿಲ್ ಇಲ್ಲದೆ, ಎದುರಿಗೆ ಅರ್ಧ ಗಂಟೆ ಓಡಿಸಿ ನೋಡದೆ ಅಂಥದ್ದನ್ನು ಕೊಳ್ಳಬೇಡಿ.

ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ ಬರೆದಿದ್ದಾರೆ. 8ರ ಎರಡು ಕಡ್ಡಿ ಹಾಕಿಸು. ಎರಡಿದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಓದುತ್ತದೆ, ಆಟಕ್ಕೆ ಅದರಿಂದ ನಿಜವಾಗಿ ಲಾಭ. 2025ರ ಕೊನೆಯಲ್ಲಿ ರ‍್ಯಾಮಿನ ಬೆಲೆ ವಿಪರೀತ ಏರಿತು, ಎಐ ಕೇಂದ್ರಗಳಿಗೆ ಎಲ್ಲ ಚಿಪ್ ಹೋಗುತ್ತಿವೆಯಂತೆ. ಆದ್ದರಿಂದ ಅದಕ್ಕೆ ಮೊದಲಿನ ಬೆಲೆ ಹಿಡಿದುಕೊಂಡು ಅಂಗಡಿಯವರೊಡನೆ ಜಗಳವಾಡುವುದು ಬೇಡ. ಪಟ್ಟಿಯಿಂದ ಹಾರ್ಡ್ ಡಿಸ್ಕ್ ತೆಗೆಸಿ, ಅದಕ್ಕಿಂತ ಬಲು ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಬರೆಸು. ನಾಲ್ಕು ಬಣ್ಣದ ಫ್ಯಾನಿನ ಕ್ಯಾಬಿನೆಟ್ ಬದಲು ಮುಂದೆ ಜಾಲರಿ ಇರುವ, ಎರಡೇ ಫ್ಯಾನಿನ ಕ್ಯಾಬಿನೆಟ್. ಅಲ್ಲಿ ಉಳಿಯುವ ದುಡ್ಡು ಎಸ್‌ಎಂಪಿಎಸ್‌ಗೆ.

ಎಷ್ಟು ವಾಟ್ ಬೇಕೆಂದರೆ, ಕಾರ್ಡ್ 132, ಪ್ರೊಸೆಸರ್ ಸುಮಾರು 80, ಮಿಕ್ಕದ್ದೆಲ್ಲ ಸೇರಿ 50. 260ರ ಆಸುಪಾಸು. ಹೆಸರಿರುವ ಕಂಪನಿಯ 550 ವಾಟಿನದು ಧಾರಾಳ. 750 ಬೇಕು ಎಂದು ಹೇಳುವವರ ಮಾತು ಕೇಳಬೇಡ. ಚೀಟಿಯಲ್ಲಿ 12 ವೋಲ್ಟಿನ ಸಾಲು ನೋಡಲಿ, ಒಳ್ಳೆಯ 550ರಲ್ಲಿ ಅಲ್ಲಿ 45 ಆಂಪಿಯರಿನ ಹತ್ತಿರ ಇರುತ್ತದೆ. 80 ಪ್ಲಸ್ ಬ್ರಾಂಜ್ ಇರಲಿ. ಆದರೆ ಆ ಗುರುತು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ, ಕಾಪಾಡುತ್ತದೆಯೇ ಎಂಬುದನ್ನಲ್ಲ. ವೋಲ್ಟ್ ಮೀರಿದರೆ, ಕರೆಂಟ್ ಮೀರಿದರೆ, ಶಾರ್ಟ್ ಆದರೆ ತಾನೇ ಆರಿ ಕಾಪಾಡುವುದಕ್ಕೆ ಓವಿಪಿ, ಓಸಿಪಿ, ಎಸ್‌ಸಿಪಿ ಎಂದು ಬರೆದಿದೆಯೇ ನೋಡಬೇಕು, ಐದು ವರ್ಷದ ವಾರಂಟಿ ಇದೆಯೇ ನೋಡಬೇಕು. ಜಿಎಸ್‌ಟಿ ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇವೆ ಎನ್ನುತ್ತಾರೆ. ಬಿಲ್ ತೆಗೆದುಕೊಳ್ಳಿ. ವಾರಂಟಿಗೆ ಹೋದಾಗ ಕೇಳುವುದು ಅದನ್ನೇ.

ಕರೆಂಟ್ ಬಿಲ್ಲಿಗೆ ಹೆದರಬೇಡ. ಮಾನಿಟರ್ ಸೇರಿ 300 ವಾಟ್ ಎಂದಿಟ್ಟುಕೊ, ದಿನಕ್ಕೆ ಮೂರು ಗಂಟೆ ಆಡಿದರೆ 0.9 ಯೂನಿಟ್. ನಿಮ್ಮ 2 ಕಿಲೋವಾಟಿನ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ಕುಡಿಯುತ್ತದೆ. ತಿಂಗಳಿಗೆ 27 ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿದ್ದರೆ ಮಾತ್ರ ಲೆಕ್ಕ ಹಾಕು.

ಹೆದರಬೇಕಾದದ್ದು ಅರ್ಥಿಂಗ್ ಇಲ್ಲದಿರುವುದಕ್ಕೆ. ನಿಮ್ಮ ಹಿಂದಿನ ಕೋಣೆಯ ಪ್ಲಗ್ಗಿನಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿದಾಗ ಒಮ್ಮೆ ನನಗೆ ಜುಂ ಎಂದಿತ್ತು. ಅರ್ಥ್ ಇಲ್ಲದಿದ್ದರೆ ಒಳ್ಳೆಯ ಎಸ್‌ಎಂಪಿಎಸ್ ಕೂಡ ಕ್ಯಾಬಿನೆಟ್ ಮುಟ್ಟಿದಾಗ ಜುಂ ಎನ್ನಿಸುತ್ತದೆ, ಒಳಗಿನ ಫಿಲ್ಟರ್ ಸೋರಿಸುವ ಕರೆಂಟಿಗೆ ಹೋಗಲು ದಾರಿ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೂರನೆಯ ತೂತಿಗೆ ನಿಜವಾಗಿ ತಂತಿ ಇದೆಯೇ ನೋಡಿಸು. ಅಂಗಳದ ಅರ್ಥ್ ಗುಂಡಿಗೆ ಉಪ್ಪು ಇದ್ದಲು ಹಾಕಿದ್ದು ಗೃಹಪ್ರವೇಶದ ವರ್ಷ. ಬೇಸಿಗೆಯಲ್ಲಿ ದಿನಾ ಒಂದು ಕೊಡ ನೀರು ಹಾಕಲು ಶ್ರೀಧರನಿಗೆ ಹೇಳು, ಕೂತು ಟಿವಿ ನೋಡುವುದು ಇದ್ದೇ ಇದೆ. ಇನ್ವರ್ಟರಿನ ಮೇಲೆ ಓಡಿಸುವುದಾದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಕಡೆಗೆ ಹಾಕಬೇಕು, ಇಲ್ಲದಿದ್ದರೆ ಕರೆಂಟ್ ಹೋದಾಗ ಕಂಪ್ಯೂಟರ್ ಆರಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಗುಡುಗುವಾಗ ಪ್ಲಗ್ಗನ್ನೇ ಕಿತ್ತಿಡಿ, ಆಟ ಅರ್ಧಕ್ಕೆ ನಿಂತರೂ ಸರಿ.

ಮದರ್‌ಬೋರ್ಡ್ ಬಗ್ಗೆ ಏನೂ ಹೇಳಲಿಲ್ಲ ಎನ್ನಬೇಡ. ನೀನು ಹಾಕಿದ ಫೋಟೋದಲ್ಲಿ ಸರಿಯಾಗಿ ಆ ಸಾಲಿನ ಮೇಲೆಯೇ ನಿನ್ನ ಹೆಬ್ಬೆರಳು ಇದೆ. ಹಳೆಯ ಬಿ450 ಬೋರ್ಡ್ ಆಗಿದ್ದರೆ 5600ಕ್ಕೆ ಬೇಕಾದ ಹೊಸ ಬಯಾಸ್, ಅಂದರೆ ಬೋರ್ಡನ್ನು ಎಬ್ಬಿಸುವ ಮೂಲ ತಂತ್ರಾಂಶ, ಹಾಕಿಯೇ ಕೊಡುತ್ತೀರಾ ಎಂದು ಕೇಳಬೇಕು. ಪಟ್ಟಿಯನ್ನು ಮೇಜಿನ ಮೇಲಿಟ್ಟು, ಬೆರಳು ತೆಗೆದು, ಇನ್ನೊಂದು ಫೋಟೋ ಹಾಕು.